ಇರುವುದೊಂದೇ ತಲೆ, ಹೋಲಿಸುವುದು ಯಾವುದರ ಜೊತೆ?

ಕೂದಲು ಉದುರುತ್ತದೆಂದು ಔಷಧ ಶುರುಮಾಡಿದವರ ಬಾಯಲ್ಲಿ ಒಂದೆರಡು ತಿಂಗಳೊಳಗೆ ಬರುವ ಪ್ರಶ್ನೆ ಒಂದೇ: ಇದು ಕೆಲಸ ಮಾಡುತ್ತಿದೆಯೋ ಇಲ್ಲವೋ? ಮಹಾರಾಷ್ಟ್ರದ ಉಮರ್ಗಾ, ನಿಲಂಗಾ, ಉದಗೀರದಲ್ಲಾಗಲಿ, ಗಡಿಗೆ ಹತ್ತಿದ ಕರ್ನಾಟಕದ ಆಳಂದ, ಬಸವಕಲ್ಯಾಣ, ಭಾಲ್ಕಿಯಲ್ಲಾಗಲಿ, ಉತ್ತರ ಹುಡುಕುವ ದಾರಿಯೂ ಒಂದೇ. ಬಚ್ಚಲಲ್ಲಿ ಸಿಕ್ಕ ಕೂದಲು, ದಿಂಬಿನ ಮೇಲಿನ ಕೂದಲು, ಹಣಿಗೆಯ ಹಲ್ಲಿಗೆ ಸುತ್ತಿಕೊಂಡ ಕೂದಲು. ಅದು ಕಡಿಮೆಯಾದರೆ ಔಷಧ ನಾಟಿತು, ಹಾಗೇ ಇದ್ದರೆ ದುಡ್ಡು ದಂಡ, ಹೆಚ್ಚಾದರೆ ಔಷಧವೇ ಕೆಡಿಸಿತು. ಈ ಲೆಕ್ಕ ಎಷ್ಟು ಸಹಜವೆನಿಸುತ್ತದೆಯೋ ಅಷ್ಟೇ ದಾರಿ ತಪ್ಪಿಸುತ್ತದೆ. ಅದನ್ನು ನಂಬಿದವರು ಫಲ ಕೊಡಬಹುದಾದ ಔಷಧವನ್ನು ಮೂರನೇ ತಿಂಗಳಿಗೆ ಬಿಡುತ್ತಾರೆ. ಅದನ್ನೇ ನಂಬಿದವರು ಏನೂ ಮಾಡದ ಎಣ್ಣೆಗೆ ವರ್ಷಗಟ್ಟಲೆ ದುಡ್ಡು ಸುರಿಯುತ್ತಾರೆ. ಎರಡು ತಪ್ಪುಗಳೂ ಹುಟ್ಟುವುದು ಒಂದೇ ಗೊಂದಲದಿಂದ. ಆ ಗೊಂದಲವನ್ನು ಎಳೆ ಎಳೆಯಾಗಿ ಬಿಡಿಸಿ ನೋಡುವುದು ಈ ಬರಹದ ಉದ್ದೇಶ.

ತಳ್ಳಿಹಾಕುವ ಮೊದಲು ಈ ನಂಬಿಕೆಯ ಬಲವನ್ನು ಒಪ್ಪಿಕೊಳ್ಳಬೇಕು. ಗುಳಿಗೆ ನುಂಗಿದವನಿಗೆ ತನ್ನ ಜ್ವರ ಇಳಿದದ್ದು ತಿಳಿಯಲು ಯಾವ ಸಂಶೋಧನೆಯೂ ಬೇಕಿಲ್ಲ. ಹಲ್ಲುನೋವು, ತುರಿಕೆ, ಎದೆಯುರಿ, ಎಲ್ಲದರಲ್ಲೂ ರೋಗಿಯೇ ಮೊದಲ ಸಾಕ್ಷಿ, ಬಹುಪಾಲು ಅವನೇ ಒಳ್ಳೆಯ ಸಾಕ್ಷಿ. ತಲೆ ನನ್ನದು, ದಿನಾ ಕನ್ನಡಿ ನೋಡುವವನು ನಾನು, ದುಡ್ಡು ಕೊಡುವವನೂ ನಾನು. ಎರಡು ತಿಂಗಳಿಗೊಮ್ಮೆ ಐದು ನಿಮಿಷ ನೋಡುವ ಡಾಕ್ಟರಿಗಿಂತ ನನಗೆ ಹೆಚ್ಚು ಗೊತ್ತಿರಬೇಕಲ್ಲವೇ ಎಂದು ಒಬ್ಬ ಕೇಳಿದರೆ ಅದು ಅವಿವೇಕದ ಮಾತಲ್ಲ. ನಿನ್ನ ಅನುಭವ ಬದಿಗಿಡು ಎಂದವರನ್ನು ಜನ ಅನುಮಾನಿಸುವುದೂ ನ್ಯಾಯವೇ, ಏಕೆಂದರೆ ಸರಕು ಮಾರುವವರೂ ಅದನ್ನೇ ಹೇಳುತ್ತಾರೆ. ಆದರೆ ಜ್ವರದ ವಿಷಯದಲ್ಲಿ ರೋಗಿಯ ಮಾತು ನಿಲ್ಲುವುದಕ್ಕೆ ಕಾರಣಗಳಿವೆ. ಫಲ ಗಂಟೆಗಳಲ್ಲಿ ಕಾಣುತ್ತದೆ, ಅಳೆಯಲು ಥರ್ಮಾಮೀಟರ್ ಇದೆ, ಮುಂದಿನ ಜ್ವರಕ್ಕೆ ಅದೇ ಗುಳಿಗೆ ಕೊಟ್ಟು ಮತ್ತೆ ನೋಡಬಹುದು. ತಲೆಗೂದಲಿನಲ್ಲಿ ಈ ಮೂರೂ ಅನುಕೂಲಗಳಿಲ್ಲ. ಫಲ ತಿಂಗಳುಗಳ ನಂತರ ಬರುತ್ತದೆ, ಮನೆಯಲ್ಲಿ ಅಳತೆಗೋಲಿಲ್ಲ, ಒಮ್ಮೆ ಕಳೆದ ವರ್ಷವನ್ನು ಮತ್ತೆ ಮೊದಲಿನಿಂದ ನಡೆಸಿ ನೋಡಲಾಗುವುದಿಲ್ಲ.

ಮನೆಯ ಲೆಕ್ಕದೊಳಗೆ ಮೂರು ಊಹೆಗಳು ಸದ್ದಿಲ್ಲದೆ ಕೂತಿವೆ.

1. ಉದುರುವ ಕೂದಲಿನ ಸಂಖ್ಯೆಯೇ ತೊಂದರೆಯ ಅಳತೆ.
2. ಔಷಧ ಶುರುವಾದ ಮೇಲೆ ಆದದ್ದೆಲ್ಲ ಔಷಧದಿಂದಲೇ ಆದದ್ದು.
3. ನಿನ್ನೆಯ ತಲೆಯೊಡನೆ ಇವತ್ತಿನ ತಲೆಯನ್ನು ಹೋಲಿಸಿದರೆ ಸಾಕು.

ಮೊದಲನೆಯದು ದೇಹ ನಡೆಯುವ ರೀತಿಯನ್ನೇ ಮರೆತ ಊಹೆ. ತಲೆಯ ಮೇಲೆ ಸುಮಾರು ಒಂದು ಲಕ್ಷ ಕೂದಲುಗಳಿರುತ್ತವೆ. ಪ್ರತಿಯೊಂದೂ ಎರಡರಿಂದ ಆರು ವರ್ಷ ಬೆಳೆದು, ಮೂರು ತಿಂಗಳಷ್ಟು ಕಾಲ ಬೆಳವಣಿಗೆ ನಿಲ್ಲಿಸಿ ವಿಶ್ರಾಂತಿ ಪಡೆದು, ಕೊನೆಗೆ ಉದುರುತ್ತದೆ. ಅದೇ ಬುಡದಿಂದ ಹೊಸದು ಹೊರಡುತ್ತದೆ. ಆರೋಗ್ಯವಂತರ ತಲೆಯಿಂದಲೂ ದಿನಕ್ಕೆ 50ರಿಂದ 100 ಕೂದಲು ಉದುರುವುದು ಈ ಕಾರಣಕ್ಕೆ. ಮೂರು ದಿನಕ್ಕೊಮ್ಮೆ ತಲೆಗೆ ನೀರು ಹಾಕಿಕೊಳ್ಳುವವರಿಗೆ ಮೂರು ದಿನದ ಪಾಲು ಒಟ್ಟಿಗೆ ಕಂಡು ಗಾಬರಿಯಾಗುತ್ತದೆ. ವಂಶದಿಂದ ಬರುವ ಬೊಕ್ಕತಲೆಯಲ್ಲಿ ತೊಂದರೆ ಇರುವುದು ಉದುರುವುದರಲ್ಲಲ್ಲ, ಮರಳಿ ಬರುವುದರಲ್ಲಿ. ಡೈಹೈಡ್ರೊಟೆಸ್ಟೊಸ್ಟೆರಾನ್ ಎಂಬ ಹಾರ್ಮೋನಿನ ಪ್ರಭಾವದಿಂದ ನೆತ್ತಿ ಮತ್ತು ಹಣೆಯಂಚಿನ ಬುಡಗಳು ಸುತ್ತಿನಿಂದ ಸುತ್ತಿಗೆ ಕಿರಿದಾಗುತ್ತವೆ. ದಪ್ಪ ಕೂದಲಿದ್ದ ಜಾಗದಲ್ಲಿ ತೆಳುವಾದದ್ದು, ಆಮೇಲೆ ಕಂಡೂ ಕಾಣದ ನವಿರು. ಹಾಗಾಗಿ ಬಚ್ಚಲಲ್ಲಿ ಒಂದು ದಿನವೂ ಹೆಚ್ಚು ಕೂದಲು ಕಾಣದೆಯೇ ಒಬ್ಬನ ನೆತ್ತಿ ಬರಿದಾಗಬಹುದು. ಹೆರಿಗೆಯಾದ ಮೂರನೇ ತಿಂಗಳಿಗೆ ಮುಷ್ಟಿ ಮುಷ್ಟಿ ಕೂದಲು ಕಳೆದುಕೊಂಡ ತಾಯಿಯ ತಲೆ ಯಾವ ಔಷಧವಿಲ್ಲದೆಯೂ ಮತ್ತೆ ತುಂಬಬಹುದು. ನೆಲಕ್ಕೆ ಬಿದ್ದದ್ದನ್ನು ಎಣಿಸಿ ತಲೆಯ ಮೇಲೆ ಉಳಿಯುವುದನ್ನು ಹೇಳಲು ಹೊರಟವರು ತಪ್ಪು ಜಾಗದಲ್ಲಿ ಎಣಿಸುತ್ತಿದ್ದಾರೆ.

ಮಿನಾಕ್ಸಿಡಿಲ್ ವಿಷಯದಲ್ಲಂತೂ ಈ ಎಣಿಕೆ ತಲೆಕೆಳಗಾಗುತ್ತದೆ. ರಕ್ತದೊತ್ತಡ ಇಳಿಸಲೆಂದು 1979ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಗುಳಿಗೆ ಇದು. ನುಂಗಿದವರ ಮುಖ, ಕೈಗಳ ಮೇಲೆ ಬೇಡದ ಕೂದಲು ಬೆಳೆದದ್ದನ್ನು ಕಂಡು ಅದನ್ನು ತಲೆಗೆ ಹಚ್ಚುವ ದ್ರವವಾಗಿ ಮಾಡಿದರು, 1988ರಲ್ಲಿ ಶೇ. 2ರ ದ್ರವಕ್ಕೆ ಅನುಮತಿ ಸಿಕ್ಕಿತು. ವಿಶ್ರಾಂತಿಯಲ್ಲಿರುವ ಬುಡಗಳನ್ನು ಅವಧಿಗೆ ಮುನ್ನವೇ ಬೆಳವಣಿಗೆಗೆ ಹಚ್ಚುವುದು ಅದರ ಕೆಲಸಗಳಲ್ಲೊಂದು. ಹೊಸದು ಹೊರಡಬೇಕಾದರೆ ಹಳೆಯದು ಜಾಗ ಬಿಡಬೇಕು. ಅದಕ್ಕೇ ಮೊದಲ ಕೆಲವು ವಾರಗಳಲ್ಲಿ ಹಲವರಿಗೆ ಉದುರುವಿಕೆ ಹೆಚ್ಚಾಗುತ್ತದೆ. ಆರನೇ ವಾರದಲ್ಲಿ ಹೆದರಿ ಬಾಟಲಿ ಮುಚ್ಚಿಟ್ಟವನು, ಔಷಧ ತನ್ನ ಕೆಲಸ ಶುರುಮಾಡಿದ ಹೊತ್ತಿಗೇ ಅದನ್ನು ಬಿಟ್ಟಿರುವ ಸಾಧ್ಯತೆಯಿದೆ. ಇಲ್ಲಿ ಎಚ್ಚರಿಕೆ ಬೇಕು. ಉದುರದಿದ್ದರೂ ಗುಣ, ಉದುರಿದರೂ ಗುಣ ಎನ್ನುವ ವಿವರಣೆ ಯಾವ ಮೋಸಕ್ಕೂ ಹೊಂದಿಕೊಳ್ಳುತ್ತದೆ. ಮಿನಾಕ್ಸಿಡಿಲ್‌ನ ವಿವರಣೆಯನ್ನು ಒಪ್ಪಬಹುದಾದದ್ದು ಅದಕ್ಕೊಂದು ಗಡುವು ಇರುವುದರಿಂದ ಮಾತ್ರ. ಈ ಉದುರುವಿಕೆ ವಾರಗಳ ಲೆಕ್ಕದ್ದು. ಮೂರು ನಾಲ್ಕು ತಿಂಗಳಾದರೂ ಇಳಿಯದಿದ್ದರೆ ವಿವರಣೆಯ ಬೆಲೆ ಮುಗಿಯಿತು, ಬೇರೆ ಕಾರಣ ಹುಡುಕಬೇಕು. ಇನ್ನು ಬೊಕ್ಕತಲೆಗೆ ಕೊಡುವ ಫಿನಾಸ್ಟರೈಡ್ ಗುಳಿಗೆ ಒಂದೇ ದಿನದಲ್ಲಿ ರಕ್ತದಲ್ಲಿನ ಡೈಹೈಡ್ರೊಟೆಸ್ಟೊಸ್ಟೆರಾನನ್ನು ಸುಮಾರು ಮೂರನೇ ಎರಡರಷ್ಟು ಇಳಿಸುತ್ತದೆ, ಆದರೂ ಕನ್ನಡಿಯಲ್ಲಿ ಆರು ತಿಂಗಳು ಏನೂ ಕಾಣದಿರಬಹುದು. ಕೂದಲು ಬೆಳೆಯುವುದೇ ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರ್. ಔಷಧ ಕೆಲಸ ಮಾಡುವ ವೇಗ ಬೇರೆ, ಅದು ಕಣ್ಣಿಗೆ ಬೀಳುವ ವೇಗ ಬೇರೆ.

ಎರಡನೆಯ ಊಹೆ ಇನ್ನೂ ಆಳಕ್ಕೆ ಬೇರು ಬಿಟ್ಟಿದೆ. ಯಾವ ಹೊತ್ತಿಗೆ ಜನ ಔಷಧ ಶುರುಮಾಡುತ್ತಾರೆ ಎಂದು ಕೇಳಿಕೊಂಡರೆ ಅದರ ದೋಷ ತಿಳಿಯುತ್ತದೆ. ಉದುರುವಿಕೆ ಅತಿ ಹೆಚ್ಚಾದ ದಿನಗಳಲ್ಲೇ ಮನುಷ್ಯ ಮೆಡಿಕಲ್‌ಗೆ ಹೋಗುತ್ತಾನೆ. ಟೈಫಾಯ್ಡ್, ಡೆಂಗಿ, ಹೆರಿಗೆ, ಶಸ್ತ್ರಚಿಕಿತ್ಸೆ, ಊಟ ಬಿಟ್ಟು ತೂಕ ಇಳಿಸಿದ್ದು, ಇವುಗಳಲ್ಲಿ ಯಾವುದಾದರೂ ಎರಡು ಮೂರು ತಿಂಗಳ ನಂತರ ತಲೆಯಿಡೀ ಕೂದಲು ಉದುರಿಸಬಲ್ಲದು. ಕಾರಣ ಕಳೆದ ಮೇಲೆ ಸಾಮಾನ್ಯವಾಗಿ ಆರು ತಿಂಗಳೊಳಗೆ ಅದು ತಾನಾಗಿ ತಗ್ಗುತ್ತದೆ. ಶಿಖರದಲ್ಲಿದ್ದಾಗ ಏನನ್ನೇ ಹಚ್ಚಿದರೂ ಆಮೇಲೆ ಬರುವುದು ಇಳಿಜಾರೇ. ಆ ಇಳಿತದ ಶ್ರೇಯಸ್ಸು ಆ ತಿಂಗಳು ಕೈಯಲ್ಲಿದ್ದ ಬಾಟಲಿಗೆ ಸಲ್ಲುತ್ತದೆ. ಮಹಾರಾಷ್ಟ್ರದಲ್ಲೇ, ಲಾತೂರಿನಿಂದ ಉತ್ತರಕ್ಕೆ ಬುಲ್ಡಾಣಾ ಜಿಲ್ಲೆಯ ಶೇಗಾಂವ್ ತಾಲ್ಲೂಕಿನ ಹಳ್ಳಿಗಳಲ್ಲಿ 2024ರ ಕೊನೆಗೆ, 2025ರ ಆರಂಭಕ್ಕೆ ನಡೆದದ್ದನ್ನು ನೆನೆಯಬೇಕು. ಹೆಂಗಸರು, ಗಂಡಸರು, ಮಕ್ಕಳೆನ್ನದೆ ಕೆಲವೇ ದಿನಗಳಲ್ಲಿ ತಲೆ ಬೋಳಾಯಿತು. ಮೊದಲ ಅನುಮಾನ ನೀರಿನ ಮೇಲೆ, ಆಮೇಲೆ ಶಿಲೀಂಧ್ರದ ಮೇಲೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ತಂಡ ಬಂದು ಮಾದರಿಗಳನ್ನು ಒಯ್ದಿತು. ಚೇಳು ಕಡಿತದ ಚಿಕಿತ್ಸೆಯಿಂದ ಹೆಸರಾದ ಮಹಾಡದ ವೈದ್ಯ ಡಾ. ಹಿಮ್ಮತರಾವ್ ಬಾವಸ್ಕರ್ ತಾವೇ ಮಾದರಿಗಳನ್ನು ಪರೀಕ್ಷೆ ಮಾಡಿಸಿ, ರೇಷನ್ ಗೋಧಿಯಲ್ಲಿದ್ದ ಅತಿಯಾದ ಸೆಲೆನಿಯಮ್ ಇದಕ್ಕೆ ಕಾರಣ ಎಂದರು. ಹಲವರ ತಲೆಯಲ್ಲಿ ವಾರಗಳೊಳಗೆ ಕೂದಲು ಮತ್ತೆ ಚಿಗುರಿತು. ಆ ವಾರಗಳಲ್ಲಿ ಯಾರಾದರೂ ಆ ಹಳ್ಳಿಗಳಿಗೆ ಒಂದು ಎಣ್ಣೆ ಹಂಚಿದ್ದರೆ ಅದು ಇವತ್ತು ಪವಾಡದ ಎಣ್ಣೆಯಾಗಿರುತ್ತಿತ್ತು, ಅದನ್ನು ಹೊಗಳುವವರಲ್ಲಿ ಒಬ್ಬರೂ ಸುಳ್ಳು ಹೇಳುತ್ತಿರಲಿಲ್ಲ.

ನೀರಿನ ಮೇಲಿನ ಅನುಮಾನ ನಮ್ಮ ಸೀಮೆಯಲ್ಲೂ ಗಟ್ಟಿಯಾಗಿದೆ. 2016ರ ಬರದಲ್ಲಿ ಮಿರಜ್‌ನಿಂದ ಲಾತೂರಿಗೆ ರೈಲಿನಲ್ಲಿ ನೀರು ತರಬೇಕಾಗಿ ಬಂದ ಸೀಮೆ ಇದು. ಬೋರಿನ ಗಡಸು ನೀರಿಗೆ ಎಲ್ಲ ಕೇಡನ್ನೂ ಹೊರಿಸುವುದು ಸುಲಭ. ಗಡಸು ನೀರು ಕೂದಲನ್ನು ಒರಟು ಮಾಡಬಹುದು. ಆದರೆ ನೆತ್ತಿ ಬರಿದಾಗಿ ಹಿಂದಲೆ ದಟ್ಟವಾಗಿ ಉಳಿದಿದ್ದರೆ ಅಲ್ಲಿಗೇ ಆ ವಾದ ನಿಲ್ಲಬೇಕು, ಏಕೆಂದರೆ ಎರಡು ಕಡೆಗೂ ಬೀಳುವುದು ಅದೇ ನೀರು.

ಮೂರನೆಯ ಊಹೆಯೇ ಈ ಗೊಂದಲದ ತಾಯಿಬೇರು. ತೊಗರಿಗೆ ಕಾಯಿಕೊರಕದ ಔಷಧಿ ಹೊಡೆಯುವ ರೈತ ಒಂದು ಸಾಲನ್ನು ಹೊಡೆಯದೆ ಬಿಟ್ಟರೆ, ಸುಗ್ಗಿಯಲ್ಲಿ ಅವನಿಗೆ ನಿಜವಾದ ಉತ್ತರ ಸಿಗುತ್ತದೆ. ಹೋದ ವರ್ಷದ ಇಳುವರಿಯೊಡನೆ ಹೋಲಿಸಿದರೆ ಸಿಗುವುದಿಲ್ಲ, ಏಕೆಂದರೆ ಮಳೆ ಬೇರೆ, ಹುಳದ ಕಾಟ ಬೇರೆ. ತಲೆಯಲ್ಲಿ ಹಾಗೆ ಬಿಟ್ಟ ಸಾಲು ಇಲ್ಲ. ಹಿಂದಲೆಯೂ ಆ ಸಾಲಾಗಲಾರದು, ಅಲ್ಲಿನ ಬುಡಗಳಿಗೆ ಹಾರ್ಮೋನಿನ ಬಾಧೆ ಹುಟ್ಟಿನಿಂದಲೇ ಕಡಿಮೆ. ಔಷಧ ಕೆಲಸ ಮಾಡಿತೇ ಎಂಬ ಪ್ರಶ್ನೆಯ ನಿಜವಾದ ರೂಪ, ಔಷಧ ತೆಗೆದುಕೊಳ್ಳದಿದ್ದರೆ ಈ ಹೊತ್ತಿಗೆ ಈ ತಲೆ ಹೇಗಿರುತ್ತಿತ್ತು ಎಂಬುದು. ಆ ತಲೆಯನ್ನು ಯಾವ ಕನ್ನಡಿಯೂ ತೋರಿಸುವುದಿಲ್ಲ. ಅದಕ್ಕೇ ನೂರಾರು ತಲೆಗಳ ಪರೀಕ್ಷೆ ಬೇಕಾದದ್ದು. ಫಿನಾಸ್ಟರೈಡ್‌ನ 1998ರಲ್ಲಿ ಪ್ರಕಟವಾದ ಪರೀಕ್ಷೆಗಳಲ್ಲಿ 18ರಿಂದ 41 ವಯಸ್ಸಿನ 1,553 ಗಂಡಸರಿದ್ದರು. ಅರ್ಧ ಜನರಿಗೆ ನಿಜವಾದ ಗುಳಿಗೆ, ಉಳಿದವರಿಗೆ ಔಷಧವಿಲ್ಲದ ಹುಸಿಗುಳಿಗೆ; ಯಾರದು ಯಾವುದೆಂದು ಅವರಿಗೂ ಗೊತ್ತಿಲ್ಲ, ನೋಡುವ ವೈದ್ಯರಿಗೂ ಗೊತ್ತಿಲ್ಲ. ನೆತ್ತಿಯ ಮೇಲೆ ಒಂದಿಂಚು ಅಗಲದ ವೃತ್ತದಲ್ಲಿ ಕೂದಲು ಎಣಿಸಿದರು. ಶುರುವಿನಲ್ಲಿ ಸರಾಸರಿ 876 ಇದ್ದವು. ವರ್ಷದ ಕೊನೆಗೆ ಎರಡು ಗುಂಪುಗಳ ನಡುವಿನ ಅಂತರ 107 ಕೂದಲು, ಎರಡನೇ ವರ್ಷಕ್ಕೆ 138. ಎರಡು ವರ್ಷದ ಎಣಿಕೆಯಲ್ಲಿ ಕೂದಲು ಕಳೆದುಕೊಳ್ಳದವರು ಔಷಧದ ಗುಂಪಿನಲ್ಲಿ ಶೇ. 83, ಹುಸಿಗುಳಿಗೆಯ ಗುಂಪಿನಲ್ಲಿ ಶೇ. 28. ಎರಡು ವರ್ಷ ಗುಳಿಗೆ ನುಂಗಿ, ತಲೆ ಮೊದಲು ಹೇಗಿತ್ತೋ ಹಾಗೇ ಇದೆ, ಏನೂ ಆಗಲಿಲ್ಲ ಎಂದು ಬೇಸರಪಡುವ ಗಂಡಸನ್ನು ಈ ಅಂಕಿಗಳ ಎದುರು ನಿಲ್ಲಿಸಿ ನೋಡಿ. ಔಷಧವಿಲ್ಲದ ನೂರರಲ್ಲಿ 72 ಜನ ಹಿಂದೆ ಬಿದ್ದ ದಾರಿಯಲ್ಲಿ ಅವನು ನಿಂತಲ್ಲೇ ನಿಂತಿದ್ದಾನೆ. ಆ ನಿಲುವೇ ಫಲವಾಗಿರುವ ಸಂಭವ ಹೆಚ್ಚು. ಅದೇ ಪಾಠ ಎದುರು ದಿಕ್ಕಿನಲ್ಲೂ ಇದೆ. ಮಿನಾಕ್ಸಿಡಿಲ್‌ನ 2002ರ ಪರೀಕ್ಷೆಯೊಂದರಲ್ಲಿ 48 ವಾರಗಳಿಗೆ ಶೇ. 5ರ ದ್ರವ ಹಚ್ಚಿದವರಲ್ಲಿ ಚದರ ಸೆಂಟಿಮೀಟರಿಗೆ ಸರಾಸರಿ 18.6 ಕೂದಲು ಹೆಚ್ಚಾದವು. ಔಷಧವಿಲ್ಲದ ಬರೀ ದ್ರವ ಹಚ್ಚಿದವರಲ್ಲೂ 3.9 ಹೆಚ್ಚಾದವು. ಅಂದರೆ ಸ್ವಲ್ಪ ಕೂದಲು ಹೆಚ್ಚಾದದ್ದೂ ಒಂಟಿಯಾಗಿ ಏನನ್ನೂ ಸಾಬೀತು ಮಾಡುವುದಿಲ್ಲ.

ಇಲ್ಲಿ ಅತ್ಯಂತ ಬಲವಾದ ಆಕ್ಷೇಪ ಎದುರಾಗುತ್ತದೆ. ಔಷಧವಿಲ್ಲದಿದ್ದರೆ ಇನ್ನೂ ಕೆಡುತ್ತಿತ್ತು ಎಂಬ ಮಾತನ್ನು ಒಪ್ಪಿಕೊಂಡರೆ ಯಾವ ಔಷಧವನ್ನಾದರೂ, ಎಷ್ಟು ವರ್ಷವಾದರೂ ಸಮರ್ಥಿಸಬಹುದಲ್ಲ? ಕೂದಲು ಬಂದರೆ ಎಣ್ಣೆಯ ಗುಣ, ಹಾಗೇ ಇದ್ದರೆ ಎಣ್ಣೆ ಕಾಪಾಡಿತು, ಹೋದರೆ ಎಣ್ಣೆ ಇಲ್ಲದಿದ್ದರೆ ಪೂರ್ತಿ ಹೋಗುತ್ತಿತ್ತು. ಸೋಲುವ ದಾರಿಯೇ ಇಲ್ಲದ ಈ ವಾದಕ್ಕೂ ಮೇಲಿನ ವಾದಕ್ಕೂ ಏನು ವ್ಯತ್ಯಾಸ? ವ್ಯತ್ಯಾಸ ಇರುವುದು ಆ ಮಾತನ್ನು ಆಡುವ ಹಕ್ಕು ಎಲ್ಲಿಂದ ಬಂತು ಎಂಬಲ್ಲಿ. ಹುಸಿಗುಳಿಗೆಯ ಎದುರು, ಯಾರಿಗೆ ಯಾವುದೆಂದು ಮುಚ್ಚಿಟ್ಟು, ಎಣಿಸಿ, ಸೋಲುವ ಅಪಾಯಕ್ಕೆ ಒಮ್ಮೆ ತನ್ನನ್ನು ಒಡ್ಡಿಕೊಂಡ ಔಷಧಕ್ಕೆ ಮಾತ್ರ ಆ ಹಕ್ಕಿದೆ. 1998ರ ಪರೀಕ್ಷೆಯಲ್ಲಿ ಎರಡು ಗುಂಪುಗಳೂ ಒಂದೇ ರೀತಿ ಕೂದಲು ಕಳೆದುಕೊಂಡಿದ್ದರೆ ಫಿನಾಸ್ಟರೈಡ್ ಸೋತಿರುತ್ತಿತ್ತು. ಅಂಥ ಪರೀಕ್ಷೆಗೆ ನಿಲ್ಲದ ಎಣ್ಣೆ ಅದೇ ಮಾತನ್ನು ಎರವಲು ಪಡೆದಾಗ, ತಾನು ತೆರದ ಬೆಲೆಗೆ ಸರಕು ಕೇಳುತ್ತಿದೆ. ನಮ್ಮ ಕಾನೂನಿಗೂ ಇದರ ಅರಿವು ಹಳೆಯದು. 1945ರ ಔಷಧ ನಿಯಮಗಳ ‘ಜೆ’ ಅನುಸೂಚಿ, ಗುಣಪಡಿಸುತ್ತೇನೆಂದು ಯಾವ ಔಷಧವೂ ಹೇಳಿಕೊಳ್ಳಬಾರದ ಕಾಯಿಲೆಗಳ ಪಟ್ಟಿ. ಅದರಲ್ಲಿ ಬೊಕ್ಕತಲೆಗೆ ಜಾಗವಿದೆ. ಮಿನಾಕ್ಸಿಡಿಲ್, ಫಿನಾಸ್ಟರೈಡ್ ಕೂಡ ಬೊಕ್ಕತಲೆಯನ್ನು ಗುಣಪಡಿಸುವುದಿಲ್ಲ. ಹಚ್ಚುವಷ್ಟು ದಿನ, ನುಂಗುವಷ್ಟು ದಿನ ಅದನ್ನು ತಡೆದು ಹಿಡಿಯುತ್ತವೆ. ಗುಣವಾಗುತ್ತದೆ ಎಂಬ ಆಸೆಯಲ್ಲಿ ಶುರುಮಾಡಿದವನಿಗೆ ತಡೆ ಎಂಬುದು ಸೋಲಿನಂತೆ ಕಾಣುತ್ತದೆ. ಅವನ ಅನುಮಾನದ ಅರ್ಧಪಾಲು ಹುಟ್ಟುವುದು ಶುರುವಿನಲ್ಲಿ ಅವನಿಗೆ ಕೊಟ್ಟ ಈ ತಪ್ಪು ಆಸೆಯಿಂದ.

ಇನ್ನೊಂದು ಆಕ್ಷೇಪ, ಸರಾಸರಿ ನಾನಲ್ಲ ಎಂಬುದು. ಇದು ಸರಿಯಾದ ಮಾತು. 1998ರ ಆ ಪರೀಕ್ಷೆಯಲ್ಲೇ ಔಷಧ ನುಂಗಿದ ನೂರರಲ್ಲಿ 17 ಜನ ಕೂದಲು ಕಳೆದುಕೊಂಡರು. ಮಿನಾಕ್ಸಿಡಿಲ್ ಕೆಲಸ ಮಾಡಬೇಕಾದರೆ ನೆತ್ತಿಯ ಚರ್ಮದಲ್ಲಿರುವ ಸಲ್ಫೊಟ್ರಾನ್ಸ್‌ಫರೇಸ್ ಎಂಬ ಕಿಣ್ವ ಅದನ್ನು ಮಾರ್ಪಡಿಸಬೇಕು. ಆ ಕಿಣ್ವ ಎಲ್ಲರಲ್ಲೂ ಒಂದೇ ಪ್ರಮಾಣದಲ್ಲಿಲ್ಲ. ಹಾಗಾಗಿ ನನ್ನ ತಲೆಯ ಮಟ್ಟಿಗೆ ಅನುಮಾನ ಪೂರ್ತಿ ತೀರುವುದಿಲ್ಲ. ಅದನ್ನು ಕಿರಿದು ಮಾಡಬಹುದಷ್ಟೆ, ಅದೂ ಮೊದಲೇ ತಯಾರಾಗಿದ್ದರೆ. ಔಷಧದ ಮೊದಲ ದಿನ ನೆತ್ತಿ, ಹಣೆಯಂಚು, ಬೈತಲೆಯ ಚಿತ್ರ ತೆಗೆದಿಡಬೇಕು. ಆರು ಮತ್ತು ಹನ್ನೆರಡು ತಿಂಗಳಿಗೆ ಅದೇ ಜಾಗ, ಅದೇ ಬೆಳಕು, ಅಷ್ಟೇ ಉದ್ದದ ಒಣಗಿದ ಕೂದಲಿನಲ್ಲಿ ಮತ್ತೆ ತೆಗೆಯಬೇಕು. ಅವನ್ನು ತಾನೇ ನೋಡಿ ತೀರ್ಮಾನಿಸುವುದಕ್ಕಿಂತ, ಯಾವುದು ಮೊದಲಿನದು ಯಾವುದು ಆಮೇಲಿನದು ಎಂದು ಹೇಳದೆ ಬೇರೊಬ್ಬರಿಗೆ ತೋರಿಸಿ ಕೇಳುವುದು ಹೆಚ್ಚು ನಂಬಬಹುದಾದ ದಾರಿ. ಒಮ್ಮೆಗೆ ಒಂದೇ ಬದಲಾವಣೆ ಮಾಡಬೇಕು. ಗುಳಿಗೆ, ದ್ರವ, ಹೊಸ ಶಾಂಪೂ, ಬಯೋಟಿನ್, ಕರಿಬೇವಿನ ಎಣ್ಣೆ ಎಲ್ಲವನ್ನೂ ಒಂದೇ ವಾರದಲ್ಲಿ ಹಿಡಿದವನಿಗೆ ಕೂದಲು ಬಂದರೂ ಕಾರಣ ತಿಳಿಯುವುದಿಲ್ಲ, ಬರದಿದ್ದರೂ ತಿಳಿಯುವುದಿಲ್ಲ. ಬಿಟ್ಟು ನೋಡಿದರೆ ಗೊತ್ತಾಗುತ್ತದಲ್ಲ ಎಂದು ಕೇಳುವವರಿದ್ದಾರೆ. ಗೊತ್ತಾಗುತ್ತದೆ, ಆದರೆ ಅದರ ಬೆಲೆ ದೊಡ್ಡದು. ಮಿನಾಕ್ಸಿಡಿಲ್ ಬಿಟ್ಟ ಮೂರು ನಾಲ್ಕು ತಿಂಗಳಲ್ಲಿ, ಫಿನಾಸ್ಟರೈಡ್ ಬಿಟ್ಟ ವರ್ಷದೊಳಗೆ ಗಳಿಸಿದ್ದು ಹೋಗುತ್ತದೆ. ಮತ್ತೆ ಶುರುಮಾಡಿದರೆ ಎಲ್ಲವೂ ಹಿಂದಿರುಗುತ್ತದೆಂಬ ಭರವಸೆಯನ್ನು ಯಾರೂ ಕೊಡಲಾರರು.

ಫಲದ ಬಗ್ಗೆ ಹೇಳಿದ್ದೆಲ್ಲ ಹಾನಿಗೂ ಅನ್ವಯಿಸುತ್ತದೆಯೇ? ತರ್ಕದಲ್ಲಿ ಹೌದು. ಇಟಲಿಯಲ್ಲಿ ಪ್ರಾಸ್ಟೇಟ್ ಊತಕ್ಕೆ ಫಿನಾಸ್ಟರೈಡ್ ತೆಗೆದುಕೊಂಡವರ ಮೇಲೆ ನಡೆದು 2007ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಲೈಂಗಿಕ ತೊಂದರೆ ಬರಬಹುದೆಂದು ಮೊದಲೇ ಕೇಳಿದವರಲ್ಲಿ ಶೇ. 43.6ರಷ್ಟು ಜನ ಅಂಥ ತೊಂದರೆ ಹೇಳಿಕೊಂಡರು. ಆ ಮಾತನ್ನು ಕೇಳದವರಲ್ಲಿ ಶೇ. 15.3. ಗುಳಿಗೆ ಒಂದೇ, ನಿರೀಕ್ಷೆ ಬೇರೆ. ಆದರೆ ತರ್ಕ ಒಂದೇ ಆದರೂ ತೂಕ ಒಂದೇ ಅಲ್ಲ. ಫಲ ಸಿಗಲಿಲ್ಲವೆಂದು ತಪ್ಪಾಗಿ ಭಾವಿಸಿದವನು ಕೂದಲು ಕಳೆದುಕೊಳ್ಳುತ್ತಾನೆ. ಹಾನಿಯಾಗುತ್ತಿದ್ದರೂ ಇದು ನಿನ್ನ ಭ್ರಮೆ ಎಂಬ ಮಾತು ನಂಬಿದವನು ಅದಕ್ಕಿಂತ ದೊಡ್ಡದನ್ನು ಕಳೆದುಕೊಳ್ಳಬಹುದು. ಯುರೋಪಿನ ಔಷಧ ಸಂಸ್ಥೆ 2025ರಲ್ಲಿ ಫಿನಾಸ್ಟರೈಡ್ ಗುಳಿಗೆಯಿಂದ ಆತ್ಮಹತ್ಯೆಯ ಯೋಚನೆಗಳು ಬರಬಹುದೆಂಬುದನ್ನು ಅಡ್ಡಪರಿಣಾಮವೆಂದು ಖಚಿತಪಡಿಸಿತು. ಆದ್ದರಿಂದ ಮನಸ್ಸು ಕುಗ್ಗಿದರೆ, ದಾಂಪತ್ಯಕ್ಕೆ ತೊಂದರೆಯಾದರೆ, ಹನ್ನೆರಡು ತಿಂಗಳು ಕಾಯುವ ಮಾತಿಲ್ಲ. ಗುಳಿಗೆ ನಿಲ್ಲಿಸಿ ಅಂದೇ ಡಾಕ್ಟರಿಗೆ ಹೇಳಬೇಕು. ಬಸಿರಿರುವ ಹೆಂಗಸರು ಈ ಗುಳಿಗೆಯ ಮುರಿದ ತುಂಡನ್ನೂ ಮುಟ್ಟಬಾರದು, ಹೊಟ್ಟೆಯಲ್ಲಿರುವ ಗಂಡುಮಗುವಿನ ಅಂಗರಚನೆಗೆ ಅದರಿಂದ ಅಪಾಯ. ಫಲಕ್ಕೆ ತಾಳ್ಮೆ, ಹಾನಿಗೆ ಅವಸರ. ಇವೆರಡೂ ಒಟ್ಟಿಗೆ ನಿಲ್ಲಬಲ್ಲವು.

ಕೂದಲಿನ ವಿಷಯಕ್ಕೆ ಇಷ್ಟೆಲ್ಲ ಯಾಕೆ ಎಂಬ ಪ್ರಶ್ನೆ ಹಗುರವಾಗಿ ಕೇಳಿಬರುತ್ತದೆ. ಹೆಣ್ಣು ನೋಡಲು ಹೋದಾಗ ತಲೆಯ ಮೇಲಿನ ಟೋಪಿ ತೆಗೆಯಲು ಅಳುಕುವ ಹುಡುಗ, ಬೈತಲೆ ಅಗಲವಾಯಿತೆಂದು ಸೆರಗು ಜಾರದಂತೆ ಹಿಡಿದು ಮದುವೆ ಮನೆಗೆ ಹೋಗುವ ಹೆಂಗಸು, ಇವರಿಗೆ ಅದು ಹಗುರವಲ್ಲ. ಹೆಂಗಸರ ವಿಷಯದಲ್ಲಂತೂ ಔಷಧಕ್ಕೆ ಮೊದಲು ರಕ್ತಹೀನತೆ, ಥೈರಾಯ್ಡ್ ನೋಡಿಸಬೇಕು. ಕಾರಣ ಅಲ್ಲಿದ್ದರೆ ನೆತ್ತಿಗೆ ಹಚ್ಚುವ ದ್ರವ ಕೆಲಸ ಮಾಡುತ್ತಿದೆಯೇ ಎಂಬ ಪ್ರಶ್ನೆಯೇ ತಪ್ಪು ಪ್ರಶ್ನೆ. ಈ ಎಲ್ಲ ತೀರ್ಮಾನಕ್ಕೂ ಅಡಿಪಾಯ ಒಂದು ದಾಖಲೆ, ನಮ್ಮ ಗಡಿಯ ತಾಲ್ಲೂಕುಗಳಲ್ಲಿ ಇಲ್ಲದಾಗುವುದೂ ಅದೇ. ನಿಲಂಗಾ, ಉದಗೀರಗಳು 1956ರವರೆಗೆ ಬೀದರ್ ಜಿಲ್ಲೆಯಲ್ಲಿದ್ದವು. ಇವತ್ತಿಗೂ ಇಲ್ಲಿಯವರ ದಾರಿ ಒಮ್ಮೆ ಲಾತೂರಿಗೆ, ಒಮ್ಮೆ ಬೀದರಿಗೆ, ಉಮರ್ಗಾದವರದು ಒಮ್ಮೆ ಸೊಲ್ಲಾಪುರಕ್ಕೆ, ಒಮ್ಮೆ ಕಲಬುರಗಿಗೆ. ಪ್ರತಿ ಸಲ ಹೊಸ ಡಾಕ್ಟರ್, ಹೊಸ ಚೀಟಿ. ಹೊಸಬರಿಗೆ ಹಳೆಯ ತಲೆ ಹೇಗಿತ್ತೆಂದು ಗೊತ್ತಿಲ್ಲ, ಹಳೆಯ ಔಷಧ ಎಷ್ಟು ದಿನ ನಡೆಯಿತೆಂದೂ ಗೊತ್ತಿಲ್ಲ. ಆದ್ದರಿಂದ ಚೀಟಿ ಬರೆಯುವವರು ಅದರ ಮೇಲೆ ನಾಲ್ಕು ಸಂಗತಿ ಬರೆಯಲಿ: ಯಾವ ಬಗೆಯ ಉದುರುವಿಕೆ, ಔಷಧ ಶುರುವಾದ ದಿನಾಂಕ, ಯಾವ ತಿಂಗಳು ತೀರ್ಮಾನ, ಏನು ಕಂಡರೆ ಅದಕ್ಕೂ ಮುನ್ನ ನಿಲ್ಲಿಸಬೇಕು. ರೋಗಿಗೆ ಓದಲು ಬರುವ ಭಾಷೆಯಲ್ಲಿ ಬರೆಯಲಿ, ಅದು ಮರಾಠಿಯಾಗಿರಲಿ ಕನ್ನಡವಾಗಿರಲಿ. ಬರೆಯದಿದ್ದರೆ ರೋಗಿಯೇ ಕೇಳಿ ಬರೆಸಿಕೊಳ್ಳಬೇಕು, ಮತ್ತು ಆ ಚೀಟಿಯ ಜೊತೆ ಮೊದಲ ದಿನದ ಚಿತ್ರವನ್ನು ಮುಂದಿನ ಡಾಕ್ಟರ ಮೇಜಿನ ಮೇಲೆ ಇಡಬೇಕು.